ಇಳುವರಿ ಬರೆದೆವು, ಉಳಿದದ್ದು ಎಲ್ಲಿ ಹೋಯಿತು?

ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆಯಿರಿ ಎಂದರೆ ನಮ್ಮ ತರಗತಿಯಲ್ಲಿ ತಡವರಿಸುವವರು ಯಾರೂ ಇಲ್ಲ. ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ತಮ್ಮ ಪುಸ್ತಕದಲ್ಲಿ ಕೊಟ್ಟ ಪಟ್ಟಿ ಅದು. ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧೀಕರಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳಿ ಎಂಬಲ್ಲಿಂದ ಶುರುವಾಗಿ, ಅಪಘಾತಕ್ಕೆ ಆಸ್ಪದ ಕೊಡದ ರಾಸಾಯನಿಕಗಳನ್ನು ಆರಿಸಿಕೊಳ್ಳಿ ಎಂಬಲ್ಲಿಗೆ ಮುಗಿಯುತ್ತದೆ. ಥಿಯರಿ ಪೇಪರಿನಲ್ಲಿ ಅದಕ್ಕೆ ಪೂರ್ಣ ಅಂಕ ಸಿಗುತ್ತದೆ. ಅದೇ ದಿನ ಮಧ್ಯಾಹ್ನ ಸಾವಯವ ಪ್ರಯೋಗಾಲಯಕ್ಕೆ ಹೋಗಿ, ಹರಳುಗಳನ್ನು ಸೋಸಿಕೊಂಡು, ಸೋಸಿ ಇಳಿದ ದ್ರವವನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತೇವೆ. ಯಾರೂ ಏನೂ ಅನ್ನುವುದಿಲ್ಲ. ಅನ್ನುವುದಕ್ಕೆ ರೆಕಾರ್ಡ್ ಪುಸ್ತಕದಲ್ಲಿ ಜಾಗವೂ ಇಲ್ಲ.

ನನ್ನ ವಾದ ಇಷ್ಟೇ. ಪದವಿ ತರಗತಿಗಳಲ್ಲಿ ಹಸಿರು ರಸಾಯನಶಾಸ್ತ್ರವನ್ನು ಒಂದು ಘಟಕವಾಗಿ ಕಲಿಸುವುದರಿಂದ ಆಗುವುದು ಬಹಳ ಕಡಿಮೆ. 'ಹಸಿರು' ಎಂದು ಮೊಹರು ಬಿದ್ದ ನಾಲ್ಕು ಪ್ರಯೋಗಗಳನ್ನು ಹಳೆಯ ನಾಲ್ಕರ ಬದಲಿಗೆ ಮಾಡಿಸಿದರೂ ಹೆಚ್ಚೇನೂ ಬದಲಾಗದು. ಬದಲಾಗಬೇಕಾದದ್ದು ಲೆಕ್ಕ ಇಡುವ ರೀತಿ. ಪ್ರತಿ ಪ್ರಯೋಗದಲ್ಲೂ ಒಳಗೆ ಹೋದದ್ದೆಷ್ಟು, ಕೈಗೆ ಬಂದದ್ದೆಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ವಿದ್ಯಾರ್ಥಿಯೇ ಬರೆಯಬೇಕು. ಹಾಗೆ ಬರೆಸುವುದನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಬೋಧನಾಭ್ಯಾಸದಲ್ಲೇ ಕಲಿಯಬೇಕು. ಸೇವೆಗೆ ಸೇರಿದ ಮೇಲೆ ಕಲಿಯುವ ವಿಷಯವಲ್ಲ ಇದು.

ಬಿ.ಎಸ್‌ಸಿ. ಬಿ.ಇಡಿ. ಓದುವವರ ಸ್ಥಿತಿ ಸ್ವಲ್ಪ ವಿಚಿತ್ರವಾದದ್ದು. ಸೋಮವಾರ ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳು, ಗುರುವಾರ ಅದೇ ಕೋಣೆಯಲ್ಲಿ ಕಿರಿಯ ಸೆಮಿಸ್ಟರಿನವರ ಮುಂದೆ ಸಹಪಾಠಿ ಬೋಧನೆಗೆ ನಿಂತ ಶಿಕ್ಷಕರು. ಕಲಿಸುವುದರ ತೊಡಕೂ ಕಲಿಯುವುದರ ತೊಡಕೂ ಒಂದೇ ವಾರದಲ್ಲಿ ಕಣ್ಣಿಗೆ ಬೀಳುತ್ತವೆ. ನನ್ನದು ಇನ್ನೊಂದು ಹಿನ್ನೆಲೆಯೂ ಇದೆ. ಪಿಯುಸಿ ಆದ ಮೇಲೆ ಈ ಕೋರ್ಸಿಗೆ ಬರುವ ಮುನ್ನ ಎರಡು ವರ್ಷ ಬೀದರ್ ಕಡೆಯ ಒಂದು ಔಷಧ ಕಚ್ಚಾವಸ್ತು ಘಟಕದಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದ್ದೆ. ಅಲ್ಲಿ ದ್ರಾವಕದ ಡ್ರಮ್ಮು ಒಳಗೆ ಹೋಗುವಾಗ ತೂಕ, ಹೊರಗೆ ಬರುವಾಗ ತೂಕ. ಟೊಲ್ಯೀನ್ ಎಷ್ಟು ಮರಳಿ ಸಿಕ್ಕಿತು, ಕೆಸರು ಎಷ್ಟು ಉಳಿಯಿತು ಎಂದು ದಿನವೂ ಬರೆಯಬೇಕಿತ್ತು. ಪರಿಸರದ ಮೇಲಿನ ಪ್ರೀತಿಯಿಂದ ಹಾಗೆ ಮಾಡುತ್ತಿದ್ದರು ಎಂದು ನಾನು ಹೇಳುವುದಿಲ್ಲ. ದ್ರಾವಕಕ್ಕೆ ದುಡ್ಡು ಕೊಟ್ಟಿರುತ್ತಾರೆ, ತ್ಯಾಜ್ಯಕ್ಕೆ ಕಾನೂನಿನ ಲೆಕ್ಕ ಕೊಡಬೇಕಿರುತ್ತದೆ. ಆದರೆ ಪಿಯುಸಿ ಓದಿದ ಸಹಾಯಕಿಯೂ ಆ ಲೆಕ್ಕ ಇಡುತ್ತಿದ್ದಳು. ಪದವಿ ಪ್ರಯೋಗಾಲಯಕ್ಕೆ ಬಂದಾಗ ಇಲ್ಲಿ ಕೇಳುವ ಒಂದೇ ತೂಕ ಉತ್ಪನ್ನದ್ದು ಎಂದು ತಿಳಿದು ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಇಳುವರಿ ಎಂಬ ಸಂಖ್ಯೆಯಿಂದಲೇ ಶುರು ಮಾಡೋಣ. ನಮ್ಮ ರೆಕಾರ್ಡಿನಲ್ಲಿ ಸಿದ್ಧತಾ ಪ್ರಯೋಗವೊಂದರ ಕೊನೆಯ ಸಾಲು ಅದು. ಮನೆಯಲ್ಲಿ ಶೇಂಗಾ ಸುಲಿಯುವುದನ್ನು ನೆನೆಯಿರಿ. ಸುಲಿದ ಬೀಜಗಳಲ್ಲಿ ಎಷ್ಟು ಬಟ್ಟಲಿಗೆ ಬಿತ್ತು, ಎಷ್ಟು ಬಾಯಿಗೆ ಹೋಯಿತು, ಎಷ್ಟು ನೆಲಕ್ಕೆ ಚೆಲ್ಲಿತು ಎಂಬುದು ಇಳುವರಿಯ ಲೆಕ್ಕ. ಒಂದು ಕಾಯಿಯ ತೂಕದಲ್ಲಿ ಬೀಜವೆಷ್ಟು ಸಿಪ್ಪೆಯೆಷ್ಟು ಎಂಬುದು ಬೇರೆಯದೇ ಲೆಕ್ಕ. ಬ್ಯಾರಿ ಟ್ರೋಸ್ಟ್ 1991ರಲ್ಲಿ ಮುಂದಿಟ್ಟ ಪರಮಾಣು ಮಿತವ್ಯಯ ಈ ಎರಡನೆಯದು. ಒಬ್ಬ ವಿದ್ಯಾರ್ಥಿ ನೂರಕ್ಕೆ ನೂರು ಇಳುವರಿ ತೆಗೆದರೂ ಸಿಪ್ಪೆ ಸಿಪ್ಪೆಯೇ. ಈ ಹೋಲಿಕೆಯನ್ನು ತರಗತಿಯಲ್ಲಿ ಬಳಸಿದಾಗ ಹಿಂದಿನ ಬೆಂಚಿನವರಿಗೂ ತಕ್ಷಣ ಹಿಡಿಯಿತು. ಒಂದು ಕೊರತೆ ಮಾತ್ರ ಇದೆ: ಶೇಂಗಾ ಸಿಪ್ಪೆಗೆ ಒಲೆಯಲ್ಲಾದರೂ ಒಂದು ಉಪಯೋಗವಿದೆ.

ಪಠ್ಯಪುಸ್ತಕಗಳಲ್ಲಿ ಪರಮಾಣು ಮಿತವ್ಯಯಕ್ಕೆ ಕೊಡುವ ಉದಾಹರಣೆ ಬಹುಮಟ್ಟಿಗೆ ಐಬುಪ್ರೊಫೇನ್. ಹಳೆಯ ವಿಧಾನದಲ್ಲಿ ಆರು ಹಂತ, ಶೇ. 40, ಹೊಸದರಲ್ಲಿ ಮೂರು ಹಂತ, ಶೇ. 77. ನಾವೆಲ್ಲ ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ನಾವು ಕೈಯಾರೆ ಮಾಡಿದ ಅಸಿಟನಿಲೈಡಿಗೆ ಆ ಸಂಖ್ಯೆ ಎಷ್ಟು ಎಂದು ನಮ್ಮನ್ನು ಯಾರೂ ಕೇಳಿಲ್ಲ. ಲೆಕ್ಕ ಎರಡು ನಿಮಿಷದ್ದು. ಅನಿಲಿನ್ 93, ಅಸಿಟಿಕ್ ಅನ್‌ಹೈಡ್ರೈಡ್ 102, ಒಟ್ಟು 195, ಅಸಿಟನಿಲೈಡ್ 135. ಅಂದರೆ ಶೇ. 69. ಅನ್‌ಹೈಡ್ರೈಡಿನ ಅರ್ಧ ಭಾಗ ಅಸಿಟಿಕ್ ಆಮ್ಲವಾಗಿ ಹೊರಗೆ ಬೀಳುತ್ತದೆ. ಅನ್‌ಹೈಡ್ರೈಡಿನ ಬದಲು ಅಸಿಟಿಕ್ ಆಮ್ಲವನ್ನೇ ಬಳಸಿ, ಅನಿಲಿನ್ ಉತ್ಕರ್ಷಣಗೊಂಡು ಬಣ್ಣಗೆಡದಿರಲೆಂದು ಚಿಟಿಕೆ ಸತುವಿನ ಪುಡಿ ಹಾಕಿ ರಿಫ್ಲಕ್ಸ್ ಮಾಡಿದರೆ ಹೊರಬೀಳುವುದು ಬರೀ ನೀರು. 93 ಮತ್ತು 60 ಸೇರಿ 153. ಅದರಲ್ಲಿ 135, ಅಂದರೆ ಶೇ. 88.

ಇಲ್ಲಿಗೇ ನಿಲ್ಲಿಸಿದರೆ ಪಾಠ ಚೆಂದವಾಗಿ ಮುಗಿಯುತ್ತದೆ: ಹಳೆಯದು 69, ಹೊಸದು 88, ಹೊಸದೇ ಒಳ್ಳೆಯದು. ಬಹಳ ಕಡೆ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ಸಮೀಕರಣದಲ್ಲಿ ಒಂದಕ್ಕೆ ಒಂದು ಇದ್ದರೂ ಫ್ಲಾಸ್ಕಿನಲ್ಲಿ ಹಾಗಿರುವುದಿಲ್ಲ. ಅಸಿಟಿಕ್ ಆಮ್ಲವನ್ನು ನಾವು ಧಾರಾಳವಾಗಿಯೇ ಹಾಕುತ್ತೇವೆ. 5 ಗ್ರಾಂ ಅನಿಲಿನ್, 15 ಗ್ರಾಂ ಅಸಿಟಿಕ್ ಆಮ್ಲ ತೆಗೆದುಕೊಂಡು 5 ಗ್ರಾಂ ಒಣ ಅಸಿಟನಿಲೈಡ್ ಬಂತು ಎಂದಿಟ್ಟುಕೊಳ್ಳಿ. ಇಳುವರಿ ಶೇ. 69ರ ಸುಮಾರು, ವೈವಾದಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಒಳಗೆ ಹೋದದ್ದು 20 ಗ್ರಾಂ, ಬಂದದ್ದು 5 ಗ್ರಾಂ. ಸಿಂಕಿಗೆ ಹೋದದ್ದು 15 ಗ್ರಾಂ, ನೀರನ್ನು ಬಿಟ್ಟು. ರೋಜರ್ ಶೆಲ್ಡನ್ 1992ರಲ್ಲಿ ಪರಿಚಯಿಸಿದ ಇ-ಅಂಶ ಹೇಳುವುದು ಇದನ್ನೇ: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ. ನಮ್ಮ ಈ ಉದಾಹರಣೆಯಲ್ಲಿ ಅದು 3. ಶೆಲ್ಡನ್ ಅವರ ಹೋಲಿಕೆಯಲ್ಲಿ ತೈಲ ಶುದ್ಧೀಕರಣಕ್ಕೆ ಇ-ಅಂಶ 0.1ಕ್ಕಿಂತ ಕಡಿಮೆ, ಔಷಧ ತಯಾರಿಕೆಗೆ 25ರಿಂದ 100, ಕೆಲವೊಮ್ಮೆ ಇನ್ನೂ ಹೆಚ್ಚು. ತೈಲವೆಂದರೆ ಕೊಳಕು, ಔಷಧವೆಂದರೆ ಶುಭ್ರ ಎಂದು ನಂಬಿ ಬಂದ ವಿದ್ಯಾರ್ಥಿಗಳ ಮುಂದೆ ಈ ಸಂಖ್ಯೆಗಳನ್ನಿಟ್ಟು ಸುಮ್ಮನೆ ನಿಂತರೆ ಸಾಕು, ಪ್ರಶ್ನೆಗಳು ತಾವಾಗಿ ಬರುತ್ತವೆ.

ಈಗ ನನಗೆ ಮುಖ್ಯವೆನಿಸಿದ ಪ್ರಯೋಗಕ್ಕೆ ಬರುತ್ತೇನೆ, ಅಸಿಟನಿಲೈಡಿನ ಬ್ರೋಮಿನೀಕರಣ. ಹಳೆಯ ವಿಧಾನದಲ್ಲಿ ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ದ್ರವ ಬ್ರೋಮಿನ್. ಅದರ ಆವಿ ಮೂಗಿಗೆ ಬಡಿದವರಿಗೆ ವಿವರಿಸಬೇಕಿಲ್ಲ. ಚರ್ಮದ ಮೇಲೆ ಬಿದ್ದರೆ ಆಳವಾದ ಸುಟ್ಟಗಾಯ. ಇದಕ್ಕೆ ಬದಲಿಯಾಗಿ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಸಿರು ರಸಾಯನಶಾಸ್ತ್ರ ಕಾರ್ಯಪಡೆ ಹೊರತಂದ ಪ್ರಯೋಗ ಕೈಪಿಡಿಯಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಸೀರಿಕ್ ಅಮೋನಿಯಂ ನೈಟ್ರೇಟ್ ಬಳಸುವ ವಿಧಾನವಿದೆ. ನೀರು ಮತ್ತು ಎಥನಾಲ್ ಮಾಧ್ಯಮ, ಕೋಣೆಯ ಉಷ್ಣತೆ, ಬ್ರೋಮಿನ್ ಬಾಟಲಿಯನ್ನು ಮುಟ್ಟುವ ಕೆಲಸವೇ ಇಲ್ಲ. ಒಳ್ಳೆಯ ಕೈಪಿಡಿ ಅದು; ಹಳೆಯ ವಿಧಾನ, ಹೊಸ ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಸಾವಯವ ಪ್ರಯೋಗಾಲಯ ನಡೆಸುವ ಪ್ರತಿ ಕಾಲೇಜಿನಲ್ಲೂ ಅದರ ಒಂದು ಪ್ರತಿ ಇರಬೇಕೆಂದು ನನ್ನ ಆಸೆ.

ಸಹಪಾಠಿ ಬೋಧನೆಗೆ ನಾನು ಇದೇ ಪ್ರಯೋಗವನ್ನು ಆರಿಸಿಕೊಂಡೆ. ಹಲಗೆಯ ಮೇಲೆ ಎರಡು ವಿಧಾನಗಳನ್ನೂ ಬರೆದು, ಯಾವುದು ಹೆಚ್ಚು ಹಸಿರು ಎಂದು ಕೇಳಿದೆ. ಎಲ್ಲರೂ ಎರಡನೆಯದು ಎಂದರು. ಯಾಕೆ ಎಂದು ಕೇಳಿದರೆ 'ಪುಸ್ತಕದಲ್ಲಿ ಹಾಗೇ ಇದೆ' ಎಂಬುದೇ ಉತ್ತರ. ಪರಮಾಣು ಮಿತವ್ಯಯ ಲೆಕ್ಕ ಹಾಕಿ ಎಂದೆ. ಬ್ರೋಮಿನ್ ವಿಧಾನದಲ್ಲಿ 135 ಮತ್ತು 160 ಸೇರಿ 295. ಉತ್ಪನ್ನ 214, ಅಂದರೆ ಶೇ. 73. ಸೀರಿಯಂ ವಿಧಾನಕ್ಕೆ ಬಂದಾಗ ತಕರಾರು ಶುರುವಾಯಿತು. ಬ್ರೋಮೈಡಿನಿಂದ ಬ್ರೋಮೋ ಸಂಯುಕ್ತಕ್ಕೆ ಬರಲು ಎರಡು ಎಲೆಕ್ಟ್ರಾನ್‌ಗಳನ್ನು ಕೀಳಬೇಕು. ಒಂದು ಸೀರಿಯಂ ಒಂದೇ ಎಲೆಕ್ಟ್ರಾನ್ ಪಡೆಯಬಲ್ಲದು. ಹಾಗಾಗಿ ಒಂದು ಅಸಿಟನಿಲೈಡಿಗೆ ಎರಡು ಸೀರಿಕ್ ಅಮೋನಿಯಂ ನೈಟ್ರೇಟ್ ಬೇಕು, ಅದರ ಅಣುತೂಕವೋ 548. 135, 119, 1096 ಕೂಡಿದರೆ 1350. ಉತ್ಪನ್ನ ಅದೇ 214. ಶೇ. 16.

ತರಗತಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು, "ಹಂಗಾದ್ರ ಬ್ರೋಮಿನ್ನೇ ಹಾಕಿಬಿಡೋಣೇನ್ರೀ ಅಕ್ಕಾ?" ಎಂದಳು. (ಬೋಧನಾಭ್ಯಾಸದಲ್ಲಿ ಮೇಡಂ ಅನ್ನಬೇಕು ಎಂಬ ನಿಯಮ ಅಲ್ಲಿಗೆ ಮುರಿಯಿತು. ಮುರಿದದ್ದಕ್ಕೆ ನನಗೆ ಸಂತೋಷವೇ ಆಯಿತು.) ಇಡೀ ಪಾಠದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ಒಬ್ಬ ಹೇಳಿದ, ತೂಕ ಒಂದೇ ನೋಡಿದರೆ ಹೇಗೆ, ಯಾವುದು ಎಷ್ಟು ಅಪಾಯ ಅಂತಲೂ ನೋಡಬೇಕಲ್ಲ. ಇನ್ನೊಬ್ಬಳು, ಅಪಾಯ ಯಾರಿಗೆ ಎಂದು ಕೇಳಿದಳು: ಬ್ರೋಮಿನ್‌ನ ಅಪಾಯ ಇಲ್ಲಿ ನಿಂತಿರುವ ನಮಗೆ, ಸೀರಿಯಂ ನೈಟ್ರೇಟ್ ಮಾತ್ರ ಮೋರಿಯಲ್ಲಿ ಹರಿದು ಇನ್ನೆಲ್ಲೋ ಹೋಗುತ್ತದೆ. ಹೈಡ್ರೋಬ್ರೋಮಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ದಾರಿಯೂ ಇದೆ ಎಂದು ನಾನು ಹಲಗೆಯ ಮೇಲೆ ಬರೆದೆ. 135, 81, 34 ಸೇರಿ 250, ಶೇ. 86, ಹೊರಬೀಳುವುದು ಬರೀ ನೀರು. ಕಾಗದದ ಮೇಲೆ ಮೂರರಲ್ಲೂ ಇದೇ ಮೇಲು. ಆದರೆ ಹೈಡ್ರೋಬ್ರೋಮಿಕ್ ಆಮ್ಲವೂ ತಿನ್ನುವ ಆಮ್ಲವೇ, ಪೆರಾಕ್ಸೈಡಿನ ಜೊತೆ ಸೇರಿದಾಗ ಅಲ್ಲಿ ಹುಟ್ಟುವುದೂ ಬ್ರೋಮಿನ್ನೇ ಎಂದು ಅವರೇ ಹೇಳಿದರು. ಗಂಟೆ ಹೊಡೆಯಿತು. ಉತ್ತರ ಬಂದಿರಲಿಲ್ಲ.

ಆ ಪಾಠದ ಅವಲೋಕನ ಹಾಳೆಯಲ್ಲಿ 'ಪಾಠ ಸಮರ್ಪಕವಾಗಿ ಮುಕ್ತಾಯಗೊಂಡಿಲ್ಲ, ಸಾರಾಂಶ ಇರಲಿಲ್ಲ' ಎಂದು ಬರೆದಿತ್ತು. ಅವಲೋಕಿಸಿದವರ ಮೇಲೆ ನನಗೆ ದೂರಿಲ್ಲ. ಹಾಳೆಯಲ್ಲಿ ಆ ಅಂಶಕ್ಕೊಂದು ಮನೆ ಇದೆ, ಅವರು ತುಂಬಿದರು. ನನ್ನ ತಕರಾರು ಹಾಳೆಯ ಜೊತೆ. ಪೀಠಿಕೆ, ನಿರೂಪಣೆ, ಹಲಗೆಯ ಬಳಕೆ, ಪುನರ್ಬಲನ, ಮುಕ್ತಾಯ ಎಂದು ಅಂಕಗಳನ್ನು ಹಂಚಿಟ್ಟಾಗ, ಪ್ರತಿ ಪಾಠಕ್ಕೂ ನಲವತ್ತು ನಿಮಿಷದೊಳಗೆ ಮುಚ್ಚಿಕೊಳ್ಳುವ ಒಂದು ಉತ್ತರ ಇರಲೇಬೇಕು ಎಂದು ನಾವು ಮೊದಲೇ ಒಪ್ಪಿಕೊಂಡಂತಾಯಿತು. ಪರಮಾಣು ಮಿತವ್ಯಯದ ಸೂತ್ರ ಕಲಿಸುವ ಪಾಠಕ್ಕೆ ಅದು ಸರಿ. ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ತೂಗುವ ಪಾಠಕ್ಕೆ ಸರಿಯಲ್ಲ. ಅಂಥ ಪಾಠದಲ್ಲಿ ನೋಡಬೇಕಾದದ್ದು ವಿದ್ಯಾರ್ಥಿಗಳು ಎಷ್ಟು ಮಾನದಂಡಗಳನ್ನು ತಾವಾಗಿ ಎತ್ತಿದರು, ಒಂದನ್ನು ಇನ್ನೊಂದರ ಎದುರಿಗೆ ಇಟ್ಟರೇ ಎಂಬುದನ್ನು. ರಚನಾವಾದದ ಬಗ್ಗೆ ಥಿಯರಿ ಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಬರೆಯುವ ನಾವು ಅವಲೋಕನ ಹಾಳೆಯಲ್ಲಿ ಅದಕ್ಕೆ ಒಂದು ಮನೆಯನ್ನಾದರೂ ಬಿಡಬಾರದೇ? ಇದನ್ನು ನಿರ್ಧರಿಸಬಲ್ಲವರು ಈ ಪತ್ರಿಕೆಯನ್ನು ಓದುವ ಶಿಕ್ಷಕ ಶಿಕ್ಷಣದ ಹಿರಿಯರೇ ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಇನ್ನೊಂದು ಪ್ರಯೋಗ ಇದಕ್ಕೆ ತದ್ವಿರುದ್ಧವಾದ ಪಾಠ ಕಲಿಸುತ್ತದೆ. ಬೆಂಜಾಲ್ಡಿಹೈಡಿನಿಂದ ಬೆಂಜೋಯಿನ್. ಎರಡು ಅಣು ಸೇರಿ ಒಂದು ಅಣುವಾಗುತ್ತದೆ, ಹೊರಬೀಳುವುದು ಏನೂ ಇಲ್ಲ. ಪರಮಾಣು ಮಿತವ್ಯಯ ನೂರಕ್ಕೆ ನೂರು. ಆದರೆ ಹಳೆಯ ವಿಧಾನದಲ್ಲಿ ವೇಗವರ್ಧಕ ಸಯನೈಡ್! ನೂರಕ್ಕೆ ನೂರು ಪಡೆದ ಕ್ರಿಯೆಯ ಫ್ಲಾಸ್ಕಿನಲ್ಲಿ ಮನುಷ್ಯನನ್ನು ಕೊಲ್ಲುವ ವಿಷ ಕೂತಿದೆ, ಸೂತ್ರಕ್ಕೆ ಅದು ಕಾಣುವುದೇ ಇಲ್ಲ. ಸಯನೈಡಿನ ಕೆಲಸವನ್ನು ಥಯಾಮಿನ್, ಅಂದರೆ ಬಿ1 ಜೀವಸತ್ವವೇ ಮಾಡಬಲ್ಲದು. ಥಯಾಜೋಲಿಯಂ ಲವಣಗಳು ಈ ಕ್ರಿಯೆ ನಡೆಸುತ್ತವೆ ಎಂದು ಜಪಾನಿನ ಉಕಾಯ್ ಮತ್ತು ಸಂಗಡಿಗರು 1943ರಲ್ಲೇ ತೋರಿಸಿದ್ದರು. ಅದು ಹೇಗೆ ನಡೆಯುತ್ತದೆಂದು ರೊನಾಲ್ಡ್ ಬ್ರೆಸ್ಲೋ 1958ರಲ್ಲಿ ವಿವರಿಸಿದರು. 'ಹಸಿರು ರಸಾಯನಶಾಸ್ತ್ರ' ಎಂಬ ಹೆಸರು ಹುಟ್ಟುವುದಕ್ಕೆ ದಶಕಗಳ ಮೊದಲು! ಹಸಿರು ಎಂದರೆ ಹೊಸದು, ದುಬಾರಿ, ವಿದೇಶದ್ದು ಎಂಬ ಭಾವನೆ ನಮ್ಮಲ್ಲಿದೆ. ಬಿ1 ಜೀವಸತ್ವದ ಮಾತ್ರೆ ಔಷಧ ಅಂಗಡಿಯಲ್ಲಿ ಸಿಗುವ ವಸ್ತು. ನಮ್ಮ ದೇಹದಲ್ಲಿ ಅದು ಮಾಡುವ ಕೆಲಸವೂ ಇದೇ ಜಾತಿಯ ರಸಾಯನಶಾಸ್ತ್ರ. ಅಲ್ಲಿಂದ ಜೀವಶಾಸ್ತ್ರದ ಪಾಠಕ್ಕೆ ಒಂದು ಬಾಗಿಲೂ ತೆರೆಯುತ್ತದೆ.

ಒಂದು ಪ್ರಯೋಗ ತೂಕದ ಲೆಕ್ಕದಲ್ಲಿ ಸೋತು ಸುರಕ್ಷತೆಯಲ್ಲಿ ಗೆಲ್ಲುತ್ತದೆ, ಇನ್ನೊಂದು ತೂಕದ ಲೆಕ್ಕದಲ್ಲಿ ನೂರಕ್ಕೆ ನೂರು ಪಡೆದರೂ ವಿಷ ಇಟ್ಟುಕೊಂಡಿರುತ್ತದೆ. ಈ ಎರಡನ್ನೂ ಅಕ್ಕಪಕ್ಕದ ವಾರಗಳಲ್ಲಿ ಮಾಡಿದ ವಿದ್ಯಾರ್ಥಿಗೆ 12 ತತ್ವಗಳು ಒಂದಕ್ಕೊಂದು ಜಗಳವಾಡಬಲ್ಲವು ಎಂದು ಗೊತ್ತಾಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಅದು ಎಂದೂ ಗೊತ್ತಾಗುವುದಿಲ್ಲ.

ಹಿರಿಯ ಉಪನ್ಯಾಸಕರಿಂದ ಕೇಳಿಬರುವ ಒಂದು ಆಕ್ಷೇಪವನ್ನು ನಾನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ: ಬ್ರೋಮಿನ್ ಹಿಡಿಯಲು ಬಾರದವರು, ಗಾಢ ನೈಟ್ರಿಕ್ ಆಮ್ಲಕ್ಕೆ ಹೆದರುವವರು ರಸಾಯನಶಾಸ್ತ್ರ ಕಲಿತಂತಾಯಿತೇ? ಒರಳಲ್ಲಿ ಎರಡು ಪುಡಿ ಅರೆದು 'ದ್ರಾವಕರಹಿತ' ಎಂದು ಬರೆದುಬಿಟ್ಟರೆ ಕೈಗೆ ಯಾವ ಕೌಶಲ ಬಂತು? ಇದರಲ್ಲಿ ಸತ್ಯವಿದೆ. ಘನಸ್ಥಿತಿಯ ಪ್ರಯೋಗಗಳಲ್ಲಿ ಕೆಲವು ನಿಜಕ್ಕೂ ಬಹಳ ಸಪ್ಪೆ. ಆಸವನ, ದ್ರಾವಕ ನಿಷ್ಕರ್ಷಣೆ, ಪುನಃಸ್ಫಟಿಕೀಕರಣ ಇವುಗಳನ್ನು ಕೈಯಿಂದಲೇ ಕಲಿಯಬೇಕು. ಅಪಾಯಕಾರಿ ವಸ್ತುವನ್ನು ಶಿಕ್ಷಕರು ಫ್ಯೂಮ್ ಹುಡ್ಡಿನೊಳಗೆ ಒಮ್ಮೆ ಮಾಡಿ ತೋರಿಸಲಿ. ನಲವತ್ತು ಜನ ನಲವತ್ತು ಪಾಲು ಮಾಡಬೇಕಿಲ್ಲ. ಅಮೆರಿಕದ ಬೌಡೊಯಿನ್ ಕಾಲೇಜಿನಲ್ಲಿ 1980ರ ದಶಕದ ಆರಂಭದಲ್ಲಿ ಸೂಕ್ಷ್ಮ ಪ್ರಮಾಣದ ಸಾವಯವ ಪ್ರಯೋಗಗಳು ಶುರುವಾದದ್ದಕ್ಕೆ ಒಂದು ಕಾರಣ ಪ್ರಯೋಗಾಲಯದ ಗಾಳಿ ಕೆಟ್ಟಿದ್ದುದು. ಆಮೇಲೆ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಕೆನ್ ಡಾಕ್ಸೀ ಮತ್ತು ಜಿಮ್ ಹಚಿಸನ್ ಇಡೀ ಸಾವಯವ ಪ್ರಯೋಗಾಲಯವನ್ನೇ ಹಸಿರು ನೆಲೆಯಲ್ಲಿ ಮರುರೂಪಿಸಿ 2004ರಲ್ಲಿ ಪಠ್ಯಪುಸ್ತಕ ತಂದರು. ಎರಡೂ ಕಡೆ ಕೌಶಲವನ್ನು ಕೈಬಿಡಲಿಲ್ಲ. ಐದು ಗ್ರಾಂ ಸೋಸುವುದಕ್ಕಿಂತ ಕಾಲು ಗ್ರಾಂ ಸೋಸಿ ಕಳೆದುಕೊಳ್ಳದಿರುವುದೇ ಹೆಚ್ಚು ಕಷ್ಟ ಎಂದು ಒಮ್ಮೆ ಮಾಡಿದವರಿಗೆ ಗೊತ್ತು.

ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ನಾವೇನು ಮಾಡಲಾದೀತು ಎಂಬ ಎರಡನೆಯ ಆಕ್ಷೇಪದ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಪರೀಕ್ಷೆಗೆ ಯಾವ ಸಂಯುಕ್ತ ಎಂಬುದನ್ನು ಪಠ್ಯಕ್ರಮ ಹೇಳುತ್ತದೆ. ರೆಕಾರ್ಡಿನಲ್ಲಿ ಇನ್ನೆರಡು ಸಾಲು ಬರೆಸಬೇಡಿ ಎಂದು ಅದು ಹೇಳುವುದಿಲ್ಲ. ಕ್ರೋಮಿಕ್ ಆಮ್ಲದಲ್ಲಿ ಗಾಜು ತೊಳೆಯಿರಿ ಎಂದೂ ಹೇಳಿಲ್ಲ, ಆದರೂ ಆರು ವೇಲೆನ್ಸಿಯ ಕ್ರೋಮಿಯಂ ಇಂದಿಗೂ ಹಲವು ಕಡೆ ಮೋರಿ ಸೇರುತ್ತಿದೆ, ಸೋಪಿನ ನೀರು ಸಾಕಾಗುವ ಕಡೆಯಲ್ಲೂ. ಹ್ಯಾಲೊಜನ್ ಪತ್ತೆಗೆ ಮಾಡುವ ಪದರ ಪರೀಕ್ಷೆಯಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಎಂದು ಬರೆದ ಕೈಪಿಡಿಗಳು ಇನ್ನೂ ಓಡಾಡುತ್ತಿವೆ. ಓಜೋನ್ ಪದರಕ್ಕಾಗಿ ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದಂತೆ ಭಾರತ ಅದರ ಬಳಕೆಯನ್ನು 2010ರ ಹೊತ್ತಿಗೇ ಕೈಬಿಡಬೇಕಿತ್ತು. ಓಜೋನ್ ಬಗ್ಗೆ ಪ್ರಬಂಧ ಬರೆಸಿ ಆ ಕೈಪಿಡಿಯನ್ನೇ ಕೈಗೆ ಕೊಡುವುದು ಎಂಥ ಪಾಠ?

ನೀರಿನ ಮಾತು ಬೇರೆಯಾಗಿಯೇ ಹೇಳಬೇಕು. ರಿಫ್ಲಕ್ಸ್ ಮಾಡುವಾಗ ಕಂಡೆನ್ಸರಿಗೆ ನಲ್ಲಿಯಿಂದ ನೀರು ಹರಿದು ನೇರ ಸಿಂಕಿಗೆ ಹೋಗುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಎಂದು ಹಿಡಿದರೂ ಮುಕ್ಕಾಲು ಗಂಟೆಗೆ ಒಂದು ಕಂಡೆನ್ಸರಿಗೆ 22.5 ಲೀಟರ್, ಹನ್ನೆರಡು ಕಂಡೆನ್ಸರ್ ಇದ್ದರೆ 270 ಲೀಟರ್, ಅದೂ ಒಬ್ಬೊಬ್ಬರಿಗೆ ನಾಲ್ಕೈದು ಗ್ರಾಂ ಪುಡಿಗಾಗಿ. ನಮ್ಮ ಹಾಸ್ಟೆಲಿನಲ್ಲಿ ಬೇಸಿಗೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಬಕೆಟ್ ಎಂದು ಎಣಿಸಿ ಕೊಡುತ್ತಾರೆ. ಆ ಹುಡುಗಿಯರೇ ಮಧ್ಯಾಹ್ನ ಲ್ಯಾಬಿನಲ್ಲಿ ಆ ನಲ್ಲಿಯ ಮುಂದೆ ನಿಂತಿರುತ್ತಾರೆ. ಏರ್ ಕೂಲರಿಗೆ ಹಾಕುವ ಒಂದು ಸಣ್ಣ ಪಂಪು, ಒಂದು ದೊಡ್ಡ ಬಕೆಟ್ಟು, ಉದ್ದನೆಯ ರಬ್ಬರ್ ಕೊಳವೆ ಇದ್ದರೆ ಅದೇ ನೀರು ಸುತ್ತುತ್ತಿರುತ್ತದೆ. ಬಿಸಿಯಾದಾಗ ಸ್ವಲ್ಪ ಐಸ್ ಹಾಕಬಹುದು. ಇದಕ್ಕೆ ಯಾವ ಪಠ್ಯಕ್ರಮ ಸಮಿತಿಯ ಅನುಮತಿಯೂ ಬೇಡ.

ಮಾಡಿದ ಉತ್ಪನ್ನ ಏನಾಗುತ್ತದೆ ಎಂಬುದನ್ನೂ ಕೇಳಬೇಕು. ಪುಡಿಯನ್ನು ಪೊಟ್ಟಣ ಕಟ್ಟಿ, ಹೆಸರು ಬರೆದು, ಒಪ್ಪಿಸುತ್ತೇವೆ. ಸೆಮಿಸ್ಟರ್ ಮುಗಿದ ಮೇಲೆ ಪೊಟ್ಟಣಗಳೆಲ್ಲ ಕಸಕ್ಕೆ ಹೋಗುತ್ತವೆ. ಒಂದು ತಂಡ ಮಾಡಿದ ಅಸಿಟನಿಲೈಡನ್ನು ಮುಂದಿನ ತಂಡದ ಬ್ರೋಮಿನೀಕರಣಕ್ಕೆ ಏಕೆ ಕೊಡಬಾರದು? ಬೆಂಜೋಯಿನ್‌ನಿಂದ ಬೆಂಜಿಲ್, ಬೆಂಜಿಲ್‌ನಿಂದ ಬೆಂಜಿಲಿಕ್ ಆಮ್ಲ ಎಂದು ಮೂರು ವಾರ ಒಂದೇ ಸರಪಳಿಯಾಗಿ ಏಕೆ ನಡೆಸಬಾರದು? ಬೋಧನಾಭ್ಯಾಸದ ಅವಧಿಯಲ್ಲಿ ಮಾರ್ಗದರ್ಶಕರ ಒಪ್ಪಿಗೆ ಪಡೆದು ನಾನು ಅಸಿಟನಿಲೈಡಿನ ಮಟ್ಟಿಗೆ ಇದನ್ನು ಮಾಡಿ ನೋಡಿದೆ. ಉಳಿತಾಯವಾದ ರಾಸಾಯನಿಕಕ್ಕಿಂತ ದೊಡ್ಡ ಲಾಭ ಇನ್ನೊಂದು ಸಿಕ್ಕಿತು. ದ್ರವನಬಿಂದು 114 ಡಿಗ್ರಿ ಬರಬೇಕು ಎಂಬುದು ಅಲ್ಲಿಯವರೆಗೆ ಪುಸ್ತಕ ನೋಡಿ ರೆಕಾರ್ಡಿನಲ್ಲಿ ತುಂಬುವ ಸಂಖ್ಯೆಯಾಗಿತ್ತು. ತಮ್ಮ ಪುಡಿಯನ್ನು ಬೇರೆಯವರು ಬಳಸುತ್ತಾರೆಂದು ಗೊತ್ತಾದ ಮೇಲೆ ಇಬ್ಬರು ತಾವಾಗಿಯೇ ಎರಡನೇ ಸಲ ಪುನಃಸ್ಫಟಿಕೀಕರಣ ಮಾಡಿದರು. 109ಕ್ಕೇ ಕರಗಲು ಶುರುವಾದ ಪುಡಿಯನ್ನು ಪಡೆದ ಹುಡುಗ, ಕೊಟ್ಟವನ ಬೆಂಚಿಗೆ ಹೋಗಿ, "ಏನಪ್ಪಾ, ಇದನ್ನ ಒಣಗಿಸಿದ್ಯೋ ಇಲ್ವೋ?" ಎಂದು ವಿಚಾರಿಸಿದ. ಶುದ್ಧತೆ ಎಂದರೇನು ಎಂದು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ನಿರ್ದಿಷ್ಟ ಉದ್ದೇಶ ಅಲ್ಲಿ ತಾನೇ ಈಡೇರಿತು.

ಇವರೆಲ್ಲ ಇನ್ನೆರಡು ವರ್ಷಕ್ಕೆ ಶಾಲೆಗಳಿಗೆ ಹೋಗುವವರು. ಎಂಟನೇ ತರಗತಿಗೆ ಬೆಂಜೋಯಿನ್ ಬೇಡ. ಆದರೆ ಅಲ್ಲಿಯೂ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸುತ್ತಾರೆ, ಪ್ರಯೋಗ ಮುಗಿದ ಮೇಲೆ ನೀಲಿ ದ್ರಾವಣವನ್ನು ಬಯಲಿಗೆ ಚೆಲ್ಲುತ್ತಾರೆ. ಅದನ್ನು ಬಾಟಲಿಯಲ್ಲಿಟ್ಟು ಮುಂದಿನ ವಿಭಾಗಕ್ಕೆ ಬಳಸುವ, ಇಲ್ಲವೇ ಹಳೆಯ ಮೊಳೆಗಳನ್ನು ಹಾಕಿ ಅದರಲ್ಲಿನ ತಾಮ್ರವನ್ನೆಲ್ಲ ಇಳಿಸಿಕೊಳ್ಳುವ ಶಿಕ್ಷಕಿ ಬೇಕಿದ್ದರೆ ಅವಳು ಪದವಿಯಲ್ಲಿ ಆ ರೂಢಿ ಮಾಡಿಕೊಂಡಿರಬೇಕು. ಒಂದು ಘಟಕದ ಟಿಪ್ಪಣಿಯಿಂದ ರೂಢಿ ಬರುವುದಿಲ್ಲ.

ಕೊನೆಯದಾಗಿ ಒಂದು ತೊಡಕನ್ನು ಓದುಗರ ಮುಂದೆ ಇಡುತ್ತೇನೆ, ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಸಹಪಾಠಿ ಬೋಧನೆಯ ವಾರಗಳಲ್ಲಿ ಸಿಂಕಿನ ಪಕ್ಕ ಮೂರು ಬಾಟಲಿ ಇಟ್ಟೆವು: ಹ್ಯಾಲೊಜನ್ ಇರುವ ಸಾವಯವ ತ್ಯಾಜ್ಯಕ್ಕೆ ಒಂದು, ಇಲ್ಲದ್ದಕ್ಕೆ ಒಂದು, ಲೋಹಗಳಿಗೆ ಒಂದು. ವಿದ್ಯಾರ್ಥಿಗಳು ಎರಡನೇ ವಾರಕ್ಕೇ ಒಗ್ಗಿಕೊಂಡರು. ನಾನು ಕೆಲಸ ಮಾಡಿದ ಘಟಕದಲ್ಲಾದರೆ ತುಂಬಿದ ಡ್ರಮ್ಮಿಗೆ ಒಂದು ದಾಖಲೆ, ಕೊಂಡೊಯ್ಯುವ ಒಂದು ಲಾರಿ ಇರುತ್ತಿತ್ತು. ಕಾಲೇಜಿನ ಎರಡು ಲೀಟರ್ ಬಾಟಲಿಗೆ ಲಾರಿ ಬರುವುದಿಲ್ಲ. ಒಂದು ತಾಲ್ಲೂಕಿನ ಕಾಲೇಜುಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಒಟ್ಟಾಗಿ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಬಹುದೇ ಎಂದು ಮಾರ್ಗದರ್ಶಕರ ಜೊತೆ ಮಾತಾಡಿದ್ದೇವೆ, ಮುಂದುವರಿದಿಲ್ಲ. ಬಾಟಲಿಗಳು ಸದ್ಯಕ್ಕೆ ಸ್ಟೋರಿನ ಕೆಳಗಿನ ಕಪಾಟಿನಲ್ಲಿವೆ. ಸೀರಿಯಂ ಇರುವ ಲೋಹದ ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿದೆ. ನಿಮ್ಮ ಕಾಲೇಜಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರೆ ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ.